ಡಂಪರ್ ಆಯಿಲ್ ಸ್ಯಾಂಪಲ್: ಬಾಟ್ಲಿ ಹಿಡಿಯುವುದರಿಂದ ರಿಪೋರ್ಟ್ ಓದುವವರೆಗೆ

ಆಂಧ್ರ ಗಡಿಯ ರಾಯದುರ್ಗ, ಡಿ.ಹಿರೇಹಾಳ್ ಕಡೆಯ ಹುಡುಗರು ಸಂಡೂರು, ಬಳ್ಳಾರಿ ಸುತ್ತಿನ ಅದಿರು ಗಣಿಗಳಿಗೆ ಹೆಲ್ಪರ್ ಆಗಿ ಸೇರುತ್ತಾರೆ. ಗ್ರೀಸ್ ಹೊಡೆಯುವುದು, ಫಿಲ್ಟರ್ ಬದಲಿಸುವುದು, ಟೈರ್ ಬಿಚ್ಚುವುದು ಬೇಗ ಕಲಿಯುತ್ತಾರೆ. ಆದರೆ ಒಳಗಿನ ಸವೆತ ತಿಳಿಯಲು ಓಡಿದ ಆಯಿಲನ್ನು ಸ್ವಲ್ಪ ಲ್ಯಾಬಿಗೆ ಕಳಿಸುವುದಿದೆ, ಆ ಆಯಿಲ್ ಸ್ಯಾಂಪಲ್ ತೆಗೆಯುವುದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. "ಒಂದು ಬಾಟ್ಲಿ ತುಂಬಿಸ್ಕೊಂಡು ಬಾರೋ" ಅಂದರೆ ಮುಗೀತು. ಅವನೂ ಕೈಗೆ ಸಿಕ್ಕಿದ ಬಾಟ್ಲಿಗೆ, ಸಿಕ್ಕಿದ ಕಡೆಯಿಂದ ತುಂಬಿಸಿಕೊಂಡು ಬರುತ್ತಾನೆ. ಲ್ಯಾಬಿನವರು ಬಾಟ್ಲಿಯಲ್ಲಿ ಏನಿದೆ ಅಂತ ಸರಿಯಾಗಿಯೇ ಹೇಳುತ್ತಾರೆ. ಅದು ಇಂಜಿನ್ನಿನದೋ, ನಮ್ಮ ಕೈಯ ಮಣ್ಣೋ ಅನ್ನುವುದು ಮಾತ್ರ ಅವರಿಗೆ ಗೊತ್ತಾಗುವುದಿಲ್ಲ.

ಅದಕ್ಕೇ ಇದನ್ನು ಬರೆದೆ. ಬೆಮೆಲ್, ಕೊಮಾಟ್ಸು, ಕ್ಯಾಟರ್‌ಪಿಲ್ಲರ್, ಯಾವ ಡಂಪರ್ ಆದರೂ ಕೆಲಸ ಹೆಚ್ಚು ಕಡಿಮೆ ಒಂದೇ. ಕ್ವಾರಿಯ ದೊಡ್ಡ ಟಿಪ್ಪರ್‌ಗಳಿಗೂ ಇದೇ ನಡೆಯುತ್ತದೆ.

ಯಾವಾಗ ತೆಗೆಯಬೇಕು

ಇಂಜಿನ್ ಆಯಿಲ್‌ಗೆ 250 ಗಂಟೆಗೊಮ್ಮೆ. ಟ್ರಾನ್ಸ್‌ಮಿಷನ್, ಹೈಡ್ರಾಲಿಕ್, ಡಿಫರೆನ್ಷಿಯಲ್, ಚಕ್ರದ ಬಳಿಯ ಗೇರ್‌ಗಳಾದ ಫೈನಲ್ ಡ್ರೈವ್‌ಗಳಿಗೆ 500 ಗಂಟೆಗೊಮ್ಮೆ. ಸಾಮಾನ್ಯವಾಗಿ ನಡೆಯುವ ಲೆಕ್ಕ ಇದು, ನಿಮ್ಮ ಮಷಿನ್ನಿನ ಮ್ಯಾನುವಲ್ ಬೇರೆ ಹೇಳಿದರೆ ಮ್ಯಾನುವಲ್ಲೇ ಸರಿ. ಇಲ್ಲಿ ಗಂಟೆ ಅಂದರೆ ಇಂಜಿನ್ ಓಡಿದ ಹೊತ್ತು ಎಣಿಸುವ ಅವರ್ ಮೀಟರ್ ಗಂಟೆ, ಕ್ಯಾಲೆಂಡರ್ ಅಲ್ಲ. ಮೂರು ಶಿಫ್ಟ್ ಓಡುವ ಡಂಪರ್ ದಿನಕ್ಕೆ 20 ಗಂಟೆ ಓಡಿದರೆ 250 ಗಂಟೆ ಎರಡು ವಾರದೊಳಗೇ ಬಂದುಬಿಡುತ್ತದೆ. "ತಿಂಗಳಿಗೊಂದು ಸಾಕು ಬಿಡಣ್ಣ" ಅನ್ನುವವರು ಈ ಲೆಕ್ಕವನ್ನು ಒಂದು ಸಲ ಹಾಕಿ ನೋಡಬೇಕು.

ಆಯಿಲ್ ಬದಲಿಸುವ ದಿನವೇ ಸ್ಯಾಂಪಲ್ ತೆಗೆಯುವುದಾದರೆ, ಮೊದಲು ಸ್ಯಾಂಪಲ್, ಆಮೇಲೆ ಡ್ರೈನ್. ಹೊಸ ಆಯಿಲ್ ಹಾಕಿದ ಮೇಲೆ ತೆಗೆದ ಸ್ಯಾಂಪಲ್‌ನಲ್ಲಿ ಹಳೆಯ 250 ಗಂಟೆಯ ಕಥೆ ಇರುವುದಿಲ್ಲ. ಡ್ರಮ್ಮಿನಲ್ಲಿರುವ ಹೊಸ ಆಯಿಲ್‌ನಿಂದಲೂ ಒಂದು ಬಾಟ್ಲಿ ಕಳಿಸಿ. ಆಯಿಲ್ ಕಂಪನಿಯವರೇ ಬೆರೆಸುವ ಜಿಂಕ್, ಫಾಸ್ಫರಸ್, ಕ್ಯಾಲ್ಸಿಯಂ ಮೊದಲಿಗೆ ಎಷ್ಟಿತ್ತು ಅಂತ ಗೊತ್ತಿಲ್ಲದಿದ್ದರೆ ಆಮೇಲೆ ಎಷ್ಟು ಇಳಿಯಿತು ಅಂತ ಹೇಗೆ ಹೇಳುವುದು? ಬ್ರ್ಯಾಂಡ್ ಬದಲಾದರೆ ಮತ್ತೆ ಕಳಿಸಬೇಕು.

ಕೈಯಲ್ಲಿ ಏನಿರಬೇಕು

ಲ್ಯಾಬ್ ಕೊಟ್ಟ ಹೊಸ ಬಾಟ್ಲಿ, ಮುಚ್ಚಳ ಬಿಗಿಯಾಗಿರುವುದು. ಒಂದೊಂದು ಸ್ಯಾಂಪಲ್‌ಗೂ ಒಂದೊಂದು ಹೊಸ ಪ್ಲಾಸ್ಟಿಕ್ ಟ್ಯೂಬ್. ವ್ಯಾಕ್ಯೂಮ್ ಪಂಪ್. ನೂಲು ಬಿಡದ ಬಟ್ಟೆ, ಅಂದರೆ ಬನಿಯನ್ ವೇಸ್ಟ್ ಬೇಡ, ಅದರ ನೂಲು ಬಾಟ್ಲಿಗೇ ಬೀಳುತ್ತದೆ. ವೇಸ್ಟ್ ಆಯಿಲ್ ಹಿಡಿಯಲು ಒಂದು ಡಬ್ಬ. ಪೆನ್ನು. ಇಷ್ಟೇ.

ನೀರಿನ ಬಾಟ್ಲಿಯಲ್ಲಿ, ಇನ್ನೂ ಹೇಳಬೇಕೆಂದರೆ ಕ್ವಾರ್ಟರ್ ಬಾಟ್ಲಿಯಲ್ಲಿ ಸ್ಯಾಂಪಲ್ ತರುವವರನ್ನು ನೋಡಿದ್ದೇನೆ. ತೊಳೆದು ಒಣಗಿಸಿದ್ದೇವೆ ಅನ್ನುತ್ತಾರೆ. ತಳದಲ್ಲಿ ಉಳಿದ ನಾಲ್ಕು ಹನಿ ಸಾಕು, ರಿಪೋರ್ಟಿನಲ್ಲಿ "ನೀರು ಇದೆ" ಅಂತ ಬರುತ್ತದೆ. ಆಮೇಲೆ ಇಲ್ಲದ ಲೀಕ್ ಹುಡುಕುತ್ತಾ ಒಂದು ಶಿಫ್ಟ್ ಹಾಳು.

ಗಾಡಿ ನಿಲ್ಲಿಸಿದ ಮೇಲೆ

ಮೊದಲು ಸುರಕ್ಷತೆ, ಯಾಕೆಂದರೆ ಇಲ್ಲಿ ತಪ್ಪಿದರೆ ಉಳಿದದ್ದು ಓದಿ ಪ್ರಯೋಜನ ಇಲ್ಲ. ಸಮತಟ್ಟು ಜಾಗ, ಪಾರ್ಕಿಂಗ್ ಬ್ರೇಕ್, ಚಕ್ರಕ್ಕೆ ಅಡ್ಡಕಟ್ಟೆ, ಸ್ಟೇರಿಂಗ್‌ಗೆ ಟ್ಯಾಗ್. ಆಪರೇಟರ್‌ಗೆ ಬಾಯಿಬಿಟ್ಟು ಹೇಳಿ: "ಅಣ್ಣ, ಕೆಳಗೆ ಕೆಲಸ ನಡೀತಿದೆ, ನಾನು ಹೇಳೋವರೆಗೂ ಗೇರಿಗೆ ಕೈ ಹಾಕ್ಬೇಡಿ." ಬಾಡಿ ಎತ್ತಿ ಕೆಲಸ ಮಾಡುವುದಾದರೆ ಲಾಕ್ ಪಿನ್ ಹಾಕದೆ ಕೆಳಗೆ ತಲೆ ಹಾಕಲೇಬೇಡಿ, ಎರಡು ನಿಮಿಷದ ಕೆಲಸ ಆದರೂ ಸರಿ. ಹೈಡ್ರಾಲಿಕ್ ಪ್ರೆಶರ್ ಲೈನಿನ ಫಿಟ್ಟಿಂಗ್ ಸಡಿಲ ಮಾಡಿ ಸ್ಯಾಂಪಲ್ ಹಿಡಿಯುವ ಸಾಹಸ ಯಾರೂ ಮಾಡಬಾರದು. ಸೂಜಿಮೊನೆಯಷ್ಟು ತೂತಿನಿಂದ ಬರುವ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಕಾಣುತ್ತದೆ ಅಷ್ಟೇ, ನೋವೂ ಮೊದಲಿಗೆ ಇರದೇ ಇರಬಹುದು. ಹಾಗಾದರೆ ಮನೆಗೆ ಹೋಗಿ ಮಲಗುವುದಲ್ಲ, ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು, ತಡವಾದರೆ ಬೆರಳೋ ಕೈಯೋ ಹೋಗುತ್ತದೆ.

ಆಯಿಲ್ ಬಿಸಿಯಾಗಿರಬೇಕು. ಗಾಡಿ ಲೋಡ್ ಹೊತ್ತು ಓಡಿ ಬಂದ ಕೂಡಲೇ ತೆಗೆಯಿರಿ, ನಿಲ್ಲಿಸಿದ ಮೇಲೆ ಹತ್ತು ಹದಿನೈದು ನಿಮಿಷದೊಳಗೆ ಮುಗಿಸಿ. ಸಾರು ಬಡಿಸುವಾಗ ಸೌಟು ತಿರುಗಿಸದೆ ಮೇಲಿನ ತಿಳಿ ಮಾತ್ರ ತೆಗೆದರೆ ಬೇಳೆ ಬರುವುದಿಲ್ಲ ಅಲ್ವಾ, ರಾತ್ರಿಯಿಡೀ ನಿಂತ ಗಾಡಿಯ ಆಯಿಲ್ ಕೂಡ ಹಾಗೇ: ಲೋಹದ ಚೂರು, ನೀರು ಎಲ್ಲ ತಳ ಸೇರಿರುತ್ತದೆ. ಬೆಳಿಗ್ಗೆ ಡ್ಯೂಟಿಗೆ ಬಂದ ತಕ್ಷಣ, ತಣ್ಣಗಿರುವಾಗ ಕೈ ಸುಡುವುದಿಲ್ಲ ಅಂತ ತೆಗೆಯುವುದು ನಮ್ಮ ಕಡೆ ಬಹಳ ಇದೆ. ಅಂಥ ಬಾಟ್ಲಿಗೆ ಕೊರಿಯರ್ ಖರ್ಚು ದಂಡ.

ತೆಗೆಯುವ ಜಾಗ

ಒಳ್ಳೆಯದು ಅಂದರೆ ಸ್ಯಾಂಪಲ್ ವಾಲ್ವ್. ಹೊಸ ಡಂಪರ್‌ಗಳಲ್ಲಿ ಇಂಜಿನ್, ಟ್ರಾನ್ಸ್‌ಮಿಷನ್, ಹೈಡ್ರಾಲಿಕ್ ಲೈನಿನಲ್ಲಿ ಫಿಲ್ಟರ್‌ಗೆ ಮುಂಚೆ ಕಂಪನಿಯವರೇ ಕೂರಿಸಿರುತ್ತಾರೆ. ಇಂಜಿನ್ ಸಣ್ಣ ಸ್ಪೀಡಿನಲ್ಲಿ ಓಡುತ್ತಿರುವಾಗಲೇ, ಆ ವಾಲ್ವಿಗೆಂದೇ ಇರುವ ಪ್ರೋಬ್ ಚುಚ್ಚಿ ತೆಗೆಯುವುದು. ಫಿಲ್ಟರ್ ಆದಮೇಲೆ ತೆಗೆದರೆ ನಾವು ಹುಡುಕುವ ಚೂರುಗಳನ್ನು ಫಿಲ್ಟರ್ ಮೊದಲೇ ಹಿಡಿದಿರುತ್ತದೆ. ವಾಲ್ವಿನ ಮುಚ್ಚಳ ತೆಗೆಯುವ ಮೊದಲು ಸುತ್ತ ಒರೆಸಿ, ಮೊದಲು ಬರುವ ಆಯಿಲ್ ಸುಮಾರು ಒಂದು ಬಾಟ್ಲಿಯಷ್ಟು ವೇಸ್ಟ್ ಡಬ್ಬಕ್ಕೆ ಬಿಡಿ. ಅದು ವಾಲ್ವಿನ ಮೂಲೆಯಲ್ಲಿ ಕಳೆದ ಸಲದಿಂದ ನಿಂತಿದ್ದ ಆಯಿಲ್. ಆಮೇಲೆ ಬರುವುದು ನಿಜವಾದದ್ದು.

ವಾಲ್ವ್ ಇಲ್ಲದ ಕಡೆ ಪಂಪ್. ಗಾಡಿ ಆಫ್ ಮಾಡಿ. ಹೊಸ ಟ್ಯೂಬನ್ನು ಗೇಜ್ ಕಡ್ಡಿಯ ಪಕ್ಕ ಹಿಡಿದು ಅಳತೆ ಮಾಡಿ ಕತ್ತರಿಸಿ, ತುದಿ ಆಯಿಲ್‌ನ ಮಧ್ಯಕ್ಕೆ ಬರಬೇಕು, ಆಯಿಲ್ ನಿಲ್ಲುವ ಸಂಪಿನ ತಳ ಮುಟ್ಟಬಾರದು. ತಳ ಮುಟ್ಟಿದರೆ ಅಲ್ಲಿ ಕೂತಿರುವ ಕೆಸರನ್ನೇ ಹೀರುತ್ತದೆ, ರಿಪೋರ್ಟಿನಲ್ಲಿ ಅಪಾಯದ ಕೆಂಪು ಗುರುತೇ ತುಂಬಿ ಬರುತ್ತದೆ. ಪಂಪಿನ ತಲೆಯ ಕೆಳಗೆ ಟ್ಯೂಬ್ ಒಂದು ಇಂಚಿನಷ್ಟು ಬಾಟ್ಲಿಯೊಳಗೆ ಇಳಿದಿರಲಿ. ಇಲ್ಲದಿದ್ದರೆ ಆಯಿಲ್ ಪಂಪಿಗೇ ನುಗ್ಗುತ್ತದೆ. ಆಮೇಲೆ ಆ ಪಂಪಿನಿಂದ ತೆಗೆದ ಎಲ್ಲ ಸ್ಯಾಂಪಲ್‌ಗಳಲ್ಲೂ ಹಿಂದಿನ ಗಾಡಿಯ ಆಯಿಲ್ ಇಣುಕುತ್ತದೆ. ಪಂಪ್ ನೆಟ್ಟಗೆ ಹಿಡಿಯಿರಿ, ಬಾಟ್ಲಿ ಮುಕ್ಕಾಲು ತುಂಬಿದರೆ ಸಾಕು. ಲ್ಯಾಬಿನಲ್ಲಿ ಅಲುಗಾಡಿಸಲು ಖಾಲಿ ಜಾಗ ಬೇಕು.

ಡ್ರೈನ್ ಪ್ಲಗ್‌ನಿಂದ ಹಿಡಿಯುವುದು ಕೊನೆಯ ದಾರಿ. ಹಿಡಿಯಲೇಬೇಕಾದರೆ ಮೊದಲ ಧಾರೆ ಬಿಡಿ, ಕೊನೆಯ ಧಾರೆಯೂ ಬೇಡ, ಮಧ್ಯದಲ್ಲಿ ಬಾಟ್ಲಿ ಒಡ್ಡಿ. ಕೈಗೆ ಗ್ಲೌಸ್ ಇರಲಿ, ಆಯಿಲ್ ಕುದಿಯುವಷ್ಟು ಇಲ್ಲದಿದ್ದರೂ ಚರ್ಮ ಸುಲಿಯುವಷ್ಟು ಬಿಸಿ ಇರುತ್ತದೆ.

ಯಾವುದಾದರೂ ಒಂದು ವಿಧಾನ ಹಿಡಿದರೆ ಅದನ್ನೇ ಹಿಡಿಯಿರಿ. ಒಂದು ಸಲ ವಾಲ್ವ್, ಇನ್ನೊಂದು ಸಲ ಡ್ರೈನ್ ಪ್ಲಗ್ ಮಾಡಿದರೆ ಕಬ್ಬಿಣದ ಅಂಕಿ ಮೇಲೆ ಕೆಳಗೆ ಕುಣಿಯುತ್ತದೆ. ಗಾಡಿ ಕೆಟ್ಟಿದೆಯೋ ಜಾಗ ಬದಲಾಗಿದೆಯೋ ಯಾರಿಗೂ ತಿಳಿಯುವುದಿಲ್ಲ.

ಫೈನಲ್ ಡ್ರೈವ್ ಬಗ್ಗೆ ಒಂದು ಮಾತು. ಎಡ, ಬಲ ಎರಡೂ ಬೇರೆ ಬೇರೆ ಬಾಟ್ಲಿ. ಎರಡನ್ನೂ ಸೇರಿಸಿ ಒಂದೇ ಬಾಟ್ಲಿ ಮಾಡಿದರೆ ಕೆಟ್ಟದ್ದರ ಅಂಕಿಯನ್ನು ಒಳ್ಳೆಯದು ಅರ್ಧಕ್ಕೆ ಇಳಿಸಿಬಿಡುತ್ತದೆ. ಬೇರೆ ಬೇರೆ ಇದ್ದರೆ ಒಂದನ್ನು ಇನ್ನೊಂದರ ಪಕ್ಕ ಇಟ್ಟು ನೋಡಬಹುದು: ಎರಡೂ ಅದೇ ರಸ್ತೆ, ಅದೇ ಲೋಡ್, ಅದೇ ಗಂಟೆ ಓಡಿವೆ. ಎಡಕ್ಕಿಂತ ಬಲದ್ದು ಬಹಳ ಜಾಸ್ತಿ ಇದ್ದರೆ ಬಲದಲ್ಲೇ ಏನೋ ಇದೆ ಅಂತ ಅರ್ಥ.

ಒಂದೇ ಗಾಡಿಯಲ್ಲಿ ಹಲವು ಸ್ಯಾಂಪಲ್ ಇದ್ದರೆ ಸ್ವಚ್ಛವಾದದ್ದು ಮೊದಲು: ಹೈಡ್ರಾಲಿಕ್, ಆಮೇಲೆ ಟ್ರಾನ್ಸ್‌ಮಿಷನ್, ಆಮೇಲೆ ಗೇರ್ ಆಯಿಲ್‌ಗಳು, ಕಪ್ಪಗಿನ ಇಂಜಿನ್ ಆಯಿಲ್ ಕೊನೆಗೆ. ಕೂಲಂಟ್‌ಗೆ ಬೇರೆಯೇ ಪಂಪ್ ಇಡಿ. ಕೂಲಂಟ್ ತೆಗೆದ ಪಂಪಿನಲ್ಲಿ ಇಂಜಿನ್ ಆಯಿಲ್ ಎಳೆದರೆ ರಿಪೋರ್ಟಿನಲ್ಲಿ ಹೆಡ್ ಗ್ಯಾಸ್ಕೆಟ್ ಹೋಗಿ ಕೂಲಂಟ್ ಒಳಗೆ ಬಂದಂತೆ ಕಾಣುತ್ತದೆ!

ಇನ್ನು ಗಾಳಿ. ಆಷಾಢದಲ್ಲಿ ನಮ್ಮ ಕಡೆ ಬೀಸುವ ಗಾಳಿಗೆ ವಾಟರ್ ಟ್ಯಾಂಕರ್ ನೀರು ಹೊಡೆದ ರಸ್ತೆಯೂ ಅರ್ಧ ಗಂಟೆಯಲ್ಲಿ ಧೂಳು ಎಬ್ಬಿಸುತ್ತದೆ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ, ಸಾಧ್ಯವಾದರೆ ಶೆಡ್ಡಿನೊಳಗೆ ಮಾಡಿ, ಬಾಟ್ಲಿಯ ಮುಚ್ಚಳ ಆಯಿಲ್ ಬರುವ ಕ್ಷಣಕ್ಕೆ ಮಾತ್ರ ತೆಗೆಯಿರಿ. ಮುಚ್ಚಳವನ್ನು ಬಂಪರ್ ಮೇಲೆ ಇಡಬೇಡಿ, ಜೇಬಿಗೂ ಹಾಕಬೇಡಿ.

ಲೇಬಲ್ಲು

ಅರ್ಧ ಕೆಲಸ ಇಲ್ಲೇ ಇದೆ. ಗಾಡಿ ನಂಬರ್, ಯಾವ ಭಾಗ, ಅವರ್ ಮೀಟರ್, ಈ ಆಯಿಲ್ ಹಾಕಿ ಎಷ್ಟು ಗಂಟೆ ಆಯಿತು, ಬ್ರ್ಯಾಂಡ್ ಮತ್ತು ಗ್ರೇಡ್, ಮಧ್ಯದಲ್ಲಿ ಎಷ್ಟು ಲೀಟರ್ ಟಾಪ್ ಅಪ್ ಮಾಡಿದ್ದೀರಿ, ಆಯಿಲ್ ಮತ್ತು ಫಿಲ್ಟರ್ ಬದಲಾಯಿತೋ ಇಲ್ಲವೋ, ತಾರೀಖು. ಬಾಟ್ಲಿ ತುಂಬಿದ ಜಾಗದಲ್ಲೇ ಬರೆಯಬೇಕು. ಆಫೀಸಿಗೆ ಹೋಗಿ ಬರೆಯುತ್ತೇನೆ ಅಂದರೆ ನಾಲ್ಕು ಕಪ್ಪು ಬಾಟ್ಲಿಗಳಲ್ಲಿ ಯಾವುದು ಯಾವ ಗಾಡಿಯದು ಅಂತ ಮೂಸಿ ನೋಡಬೇಕಾಗುತ್ತದೆ.

ಗಡಿ ಕಡೆಯ ಕ್ಯಾಂಪ್‌ಗಳಲ್ಲಿ ಇನ್ನೊಂದು ತೊಂದರೆ. ಒಂದು ಶಿಫ್ಟಿನಲ್ಲಿ ಕನ್ನಡದವರು, ಇನ್ನೊಂದರಲ್ಲಿ ತೆಲುಗಿನವರು, ಮತ್ತೊಂದರಲ್ಲಿ ಹಿಂದಿಯವರು. ಒಬ್ಬ "7" ಅಂತ ಬರೆಯುತ್ತಾನೆ, ಒಬ್ಬ "ಡಿ-7", ಮತ್ತೊಬ್ಬ "ಹಳೇ 7". ಲ್ಯಾಬಿನ ಕಂಪ್ಯೂಟರ್‌ಗೆ ಇವು ಮೂರು ಬೇರೆ ಗಾಡಿಗಳು. ಮೂರು ಫೈಲ್ ತೆರೆಯುತ್ತದೆ, ಒಂದರಲ್ಲೂ ಹಿಂದಿನ ಲೆಕ್ಕ ಸಿಗುವುದಿಲ್ಲ. ಗಾಡಿಯ ಮೇಲೆ ಪೇಂಟ್ ಮಾಡಿರುವ ನಂಬರ್ ಹೇಗಿದೆಯೋ ಹಾಗೇ ಬರೆಯಬೇಕು ಅಂತ ಮೂರೂ ಶಿಫ್ಟಿನವರಿಗೆ ಸ್ಟೋರಿನ ಗೋಡೆ ಮೇಲೆ ಬರೆದು ಹಾಕಿ.

ಟಾಪ್ ಅಪ್ ಬರೆಯುವುದನ್ನು ಬಹಳ ಜನ ಬಿಡುತ್ತಾರೆ. ಸುಮ್ನೆ ಬಿಡುವ ವಿಷಯ ಅಲ್ಲ ಅದು. ಆಯಿಲ್ ತಿನ್ನುವ ಇಂಜಿನ್ನಿಗೆ ದಿನಾ ಹೊಸ ಆಯಿಲ್ ಸುರಿಯುತ್ತಾ ಹೋದರೆ ಲೋಹದ ಅಂಕಿ ತೆಳುವಾಗಿ "ಎಲ್ಲ ಚೆನ್ನಾಗಿದೆ" ಅಂತ ಬರುತ್ತದೆ. ಹಾಗೇ ಗಂಟೆಯೂ. ಒಂದು ರಿಪೋರ್ಟಿನಲ್ಲಿ 250 ಗಂಟೆಗೆ ಕಬ್ಬಿಣ 20 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 20), ಮುಂದಿನದರಲ್ಲಿ 500 ಗಂಟೆಗೆ 40 ಇದ್ದರೆ ಸವೆತ ಜಾಸ್ತಿ ಆಗಿಲ್ಲ, ಅದೇ ವೇಗ. ಅದೇ 40 ಬರೀ 250 ಗಂಟೆಗೆ ಬಂದಿದ್ದರೆ ಎದ್ದು ಕೂರಬೇಕು. ಲೇಬಲ್ ಮೇಲೆ ಗಂಟೆ ಇಲ್ಲದಿದ್ದರೆ ಇದರಲ್ಲಿ ಯಾವುದು ಅಂತ ಹೇಳಲು ಯಾರಿಂದಲೂ ಆಗುವುದಿಲ್ಲ.

ಬಾಟ್ಲಿಗಳನ್ನು ಅವತ್ತೇ ಕಳಿಸಿ. ಪಾರ್ಸೆಲ್ ಡಬ್ಬ ತುಂಬಲಿ ಅಂತ ಹದಿನೈದು ದಿನ ಇಟ್ಟುಕೊಂಡರೆ, ರಿಪೋರ್ಟ್ ಬರುವಷ್ಟರಲ್ಲಿ ಗಾಡಿ ಇನ್ನೊಂದು 250 ಗಂಟೆ ಓಡಿರುತ್ತದೆ.

ರಿಪೋರ್ಟ್ ಬಂತು, ಈಗ?

ಮೊದಲ ರಿಪೋರ್ಟಿನಲ್ಲಿ ಜಾಸ್ತಿ ಏನೂ ಹೇಳಲು ಆಗುವುದಿಲ್ಲ. ಮೂರು ಸ್ಯಾಂಪಲ್ ಆದಮೇಲೆ ಆ ಗಾಡಿಯ ನಡತೆ ಗೊತ್ತಾಗುತ್ತದೆ. ಇಂಜಿನ್ನಿನ ಅಂಕಿಯನ್ನು ಫೈನಲ್ ಡ್ರೈವಿನ ಅಂಕಿಯ ಜೊತೆ ಹೋಲಿಸಬೇಡಿ, ಗೇರ್‌ಗಳಿರುವ ಕಡೆ ಕಬ್ಬಿಣ ನೂರರ ಲೆಕ್ಕದಲ್ಲಿ ಇರುವುದೂ ಉಂಟು.

ಸಿಲಿಕಾನ್ ಮತ್ತು ಅಲ್ಯುಮಿನಿಯಂ ಎರಡೂ ಒಟ್ಟಿಗೆ ಏರಿದರೆ ಮಣ್ಣು ಒಳಗೆ ಹೋಗುತ್ತಿದೆ. ಇಂಜಿನ್ ಆದರೆ ಏರ್ ಕ್ಲೀನರ್‌ನಿಂದ ಟರ್ಬೋವರೆಗಿನ ಹೋಸ್, ಕ್ಲಾಂಪ್ ಒಂದೊಂದೂ ನೋಡಿ. ಏರ್ ಫಿಲ್ಟರನ್ನು ಕಂಪ್ರೆಸರ್ ಗಾಳಿಯಲ್ಲಿ ಜೋರಾಗಿ ಊದಿ ಊದಿ ಪೇಪರ್ ಹರಿದಿರುವುದೇ ಎಷ್ಟೋ ಸಲ ಕಾರಣ. ಫೈನಲ್ ಡ್ರೈವ್ ಆದರೆ ಸೀಲ್, ಗಾಳಿ ಆಡುವ ಬ್ರೀದರ್ ನೋಡಿ. ಸಿಲಿಕಾನ್ ಒಂದೇ ಏರಿ ಅಲ್ಯುಮಿನಿಯಂ ಸುಮ್ಮನಿದ್ದರೆ, ಇತ್ತೀಚೆಗೆ ಇಂಜಿನ್ ಬಿಚ್ಚಿ ಗ್ಯಾಸ್ಕೆಟ್ ಪೇಸ್ಟ್ ಹಾಕಿದ್ದೀರಾ ನೋಡಿ, ಅದೂ ಸಿಲಿಕಾನೇ.

ನಮ್ಮ ಅದಿರು ಗಣಿಗಳಲ್ಲಿ ಇದಕ್ಕೊಂದು ತಿರುವು ಇದೆ. ಇಲ್ಲಿಯ ಧೂಳೇ ಕಬ್ಬಿಣ. ಹೆಮಟೈಟ್ ಅನ್ನುವ ಈ ಅದಿರಿನ ಪುಡಿ ಆಯಿಲ್‌ಗೆ ಸೇರಿದರೆ ರಿಪೋರ್ಟಿನಲ್ಲಿ ಕಬ್ಬಿಣ ಏರುತ್ತದೆ, ಗೇರ್ ಸವೆದಂತೆಯೇ ಕಾಣುತ್ತದೆ. ಲ್ಯಾಬಿನಲ್ಲಿ ಲೋಹದ ಅಂಕಿ ಕೊಡುವ ಸ್ಪೆಕ್ಟ್ರೋಮೀಟರ್‌ಗೆ ಅದಿರಿನ ಕಬ್ಬಿಣಕ್ಕೂ ಗೇರಿನ ಕಬ್ಬಿಣಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದಕ್ಕೇ ಪಿಕ್ಯೂ ಇಂಡೆಕ್ಸ್ ಅನ್ನುವ ಟೆಸ್ಟ್ ಕೂಡ ಕೇಳಿ ಮಾಡಿಸಿ. ಅದು ಅಯಸ್ಕಾಂತಕ್ಕೆ ಸಿಗುವ ಕಬ್ಬಿಣವನ್ನು ಅಳೆಯುತ್ತದೆ. ಉಕ್ಕಿನ ಚೂರು ಚೆನ್ನಾಗಿ ಸಿಗುತ್ತದೆ, ಹೆಮಟೈಟ್ ಅಷ್ಟಾಗಿ ಸಿಗುವುದಿಲ್ಲ. ಕಬ್ಬಿಣ, ಸಿಲಿಕಾನ್, ಅಲ್ಯುಮಿನಿಯಂ ಮೂರೂ ಏರಿ ಪಿಕ್ಯೂ ಕಡಿಮೆ ಇದ್ದರೆ ಧೂಳಿನ ಮೇಲೆ ಅನುಮಾನ ಪಡಿ. ಇವತ್ತು ಧೂಳು, ಹಾಗೇ ಬಿಟ್ಟರೆ ನಾಳೆ ಅದೇ ಧೂಳು ಗೇರನ್ನೂ ತಿನ್ನುತ್ತದೆ, ಅದು ಬೇರೆ ಮಾತು.

ಇದರ ಉಲ್ಟಾ ಇನ್ನೂ ಅಪಾಯ. ಸ್ಪೆಕ್ಟ್ರೋಮೀಟರ್‌ಗೆ ಸುಮಾರು 5ರಿಂದ 10 ಮೈಕ್ರಾನ್‌ಗಿಂತ ದೊಡ್ಡ ಚೂರು ಸರಿಯಾಗಿ ಕಾಣುವುದಿಲ್ಲ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ). ಬೇರಿಂಗ್ ಚಕ್ಕೆ ಏಳುತ್ತಿದ್ದರೂ ಪಿಪಿಎಂ ಸಾಧಾರಣವಾಗಿಯೇ ಇರಬಹುದು, ಪಿಕ್ಯೂ ಮಾತ್ರ ಹಾರಿರುತ್ತದೆ. ಹಾಗಾಗಿ ಮ್ಯಾಗ್ನೆಟ್ ಪ್ಲಗ್ ನೋಡುವುದನ್ನು, ಹಳೆಯ ಫಿಲ್ಟರ್ ಕತ್ತರಿಸಿ ಪೇಪರ್ ಬಿಡಿಸಿ ನೋಡುವುದನ್ನು ರಿಪೋರ್ಟ್ ಇದೆ ಅಂತ ಬಿಡಬೇಡಿ. ಫಿಲ್ಟರನ್ನು ಕಟರ್‌ನಲ್ಲೇ ಕತ್ತರಿಸಬೇಕು. ಹ್ಯಾಕ್ಸಾ ಹಾಕಿದರೆ ಗರಗಸದ ಪುಡಿಯನ್ನೇ ನೋಡಿ ಗಾಬರಿ ಬೀಳುತ್ತೀರಿ.

ಇಂಜಿನ್ನಿನಲ್ಲಿ ಸೋಡಿಯಂ, ಪೊಟ್ಯಾಸಿಯಂ ಏರಿದರೆ ಕೂಲಂಟ್ ಒಳಗೆ ಬರುತ್ತಿದೆ ಅಂತ ಮೊದಲ ಅನುಮಾನ. "ನೀರು ಇಲ್ಲ ಅಂತ ರಿಪೋರ್ಟೇ ಹೇಳ್ತಿದೆಯಲ್ಲಣ್ಣ" ಅನ್ನುತ್ತಾರೆ. ಬಿಸಿ ಇಂಜಿನ್ನಿನಲ್ಲಿ ನೀರು ಆವಿಯಾಗಿ ಹೋಗುತ್ತದೆ, ಕೂಲಂಟಿನ ಉಪ್ಪು ಆಯಿಲ್‌ನಲ್ಲೇ ಉಳಿಯುತ್ತದೆ. ಜೊತೆಗೆ ಸೀಸ, ತಾಮ್ರವೂ ಏರಲು ಶುರುವಾದರೆ ಬೇರಿಂಗ್‌ಗೆ ಪೆಟ್ಟು ಬೀಳುತ್ತಿದೆ, ಕಾಯಬೇಡಿ. ಬರೀ ತಾಮ್ರ ಒಂದೇ ಏರಿದ್ದು, ಇಂಜಿನ್ ಹೊಸದಾಗಿದ್ದರೆ, ಆಯಿಲ್ ಕೂಲರ್‌ನಿಂದ ಕರಗಿ ಬರುವ ತಾಮ್ರ ಅದು ಇರಬಹುದು. ಕೆಲವು ಸಲ ಆಯಿಲ್ ಬದಲಾದ ಮೇಲೆ ಅದು ತಾನೇ ಇಳಿಯುತ್ತದೆ. ಟ್ರಾನ್ಸ್‌ಮಿಷನ್ನಿನಲ್ಲಿ ತಾಮ್ರ ಅಂದರೆ ಕ್ಲಚ್ ಪ್ಲೇಟ್ ಕಡೆ ನೋಡಿ.

ಇಂಜಿನ್ನಿಗೆ ಹಾಕುವ 15ಡಬ್ಲ್ಯೂ-40 ಗ್ರೇಡಿನ ಆಯಿಲ್‌ನ ದಪ್ಪ 100 ಡಿಗ್ರಿಯಲ್ಲಿ 12.5ರಿಂದ 16.3 ಸೆಂಟಿಸ್ಟೋಕ್ಸ್ (ದಪ್ಪದ ಅಳತೆ) ಒಳಗೆ ಇರಬೇಕು. ಇದಕ್ಕಿಂತ ತೆಳುವಾದರೆ ಡೀಸೆಲ್ ಸೇರುತ್ತಿದೆಯಾ, ಅಂದರೆ ಇಂಜೆಕ್ಟರ್ ನೋಡಿ. ದಪ್ಪ ಆದರೆ ಮಸಿ ಜಾಸ್ತಿ, ಇಲ್ಲವೇ ಆಯಿಲ್ ಬೆಂದು ಹೋಗಿದೆ. ಆಮ್ಲ ತಡೆಯುವ ಶಕ್ತಿ ತೋರಿಸುವ ಟಿಬಿಎನ್ ಅನ್ನುವ ಅಂಕಿ ಹೊಸ ಆಯಿಲ್‌ನ ಅರ್ಧಕ್ಕೆ ಬಂದರೆ ಆಯಿಲ್ ಬದಲಿಸುವ ಸಮಯ. ಹೈಡ್ರಾಲಿಕ್‌ಗೆ ಐಎಸ್‌ಒ 4406 ಅನ್ನುವ ಸ್ವಚ್ಛತೆಯ ಕೋಡ್ ಕೊಡುತ್ತಾರೆ, ಮೂರು ಅಂಕಿ: 4, 6, 14 ಮೈಕ್ರಾನ್‌ಗಿಂತ ದೊಡ್ಡ ಚೂರುಗಳ ಲೆಕ್ಕ. ಅಂಕಿ ಒಂದು ಏರಿದರೆ ಚೂರು ಸುಮಾರು ದುಪ್ಪಟ್ಟು. 18 ಇದ್ದದ್ದು 20 ಆಯಿತು ಅಂದರೆ "ಎರಡೇ ಅಲ್ವಾ" ಅನ್ನಬೇಡಿ, ನಾಲ್ಕು ಪಟ್ಟು ಆಗಿದೆ.

ಕೂಲಂಟ್ ಬಗ್ಗೆ ಚಿಕ್ಕದಾಗಿ. ಬಿಸಿ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ, ಆವಿ ಮುಖಕ್ಕೆ ಹೊಡೆಯುತ್ತದೆ. ತಣ್ಣಗಾದ ಮೇಲೆ ತೆಗೆಯಿರಿ. ನಮ್ಮ ಕಡೆಯ ಬೋರ್ ನೀರು ಗಡಸು, ಮನೆಯ ಪಾತ್ರೆಗೇ ಬಿಳಿ ಪದರ ಕಟ್ಟುತ್ತದೆ. ಅದನ್ನು ರೇಡಿಯೇಟರ್‌ಗೆ ಸುರಿದರೆ ಅಲ್ಲೂ ಕಟ್ಟುತ್ತದೆ, ಇಂಜಿನ್ ಬಿಸಿಯಾಗುತ್ತದೆ. ರೆಡಿ ಮಿಕ್ಸ್ ಕೂಲಂಟ್, ಇಲ್ಲವೇ ಡಿಸ್ಟಿಲ್ಡ್ ನೀರಿನಲ್ಲಿ ಬೆರೆಸಿದ್ದು ಮಾತ್ರ ಹಾಕಿ.

ಕೆಂಪು ರಿಪೋರ್ಟ್ ಬಂದ ಕೂಡಲೇ ಇಂಜಿನ್ ಬಿಚ್ಚುವುದು ಬೇಡ. ಮೊದಲು ಅದೇ ಜಾಗದಿಂದ, ಗಾಡಿ ಬಿಸಿ ಇರುವಾಗ, ಹೊಸ ಟ್ಯೂಬಿನಲ್ಲಿ ಇನ್ನೊಂದು ಸ್ಯಾಂಪಲ್ ತೆಗೆದು "ಅರ್ಜೆಂಟ್" ಅಂತ ಬರೆದು ಕಳಿಸಿ. ಆ ನಡುವೆ ಫಿಲ್ಟರ್ ಕತ್ತರಿಸಿ ನೋಡಿ, ಮ್ಯಾಗ್ನೆಟ್ ಪ್ಲಗ್ ನೋಡಿ, ಆಪರೇಟರ್‌ನ ಕೇಳಿ, ಸದ್ದು ಬದಲಾಗಿದ್ದರೆ ಅವನಿಗೇ ಮೊದಲು ಗೊತ್ತಿರುತ್ತದೆ. ಕಣ್ಣಿಗೆ ಕಾಣುವ ಚಕ್ಕೆ ಇದ್ದರೆ ಮಾತ್ರ ಎರಡನೇ ರಿಪೋರ್ಟಿಗೂ ಕಾಯದೆ ಗಾಡಿ ನಿಲ್ಲಿಸಿ. ಉತ್ಪಾದನೆ ಅಂತ ಸೂಪರ್‌ವೈಸರ್ ಬೈಯಬಹುದು, ಬೈಯಲಿ, ಚಕ್ಕೆಯನ್ನು ಬಿಳಿ ಕಾಗದದ ಮೇಲಿಟ್ಟು ಅವರಿಗೇ ತೋರಿಸಿ.

ಬಿಚ್ಚಿದ ಮೇಲೆ ಒಳಗೆ ಏನು ಸಿಕ್ಕಿತು ಅಂತ ಲ್ಯಾಬಿಗೆ ತಿಳಿಸಿ, ಫೋಟೋ ಸಮೇತ. ಮುಂದಿನ ಸಲ ಅಂಥದ್ದೇ ಅಂಕಿ ಬಂದಾಗ ಅವರು ಸುಮ್ಮನೆ "ಗಮನಿಸಿ" ಅಂತ ಬರೆಯುವ ಬದಲು ಯಾವ ಕಡೆ ನೋಡಬೇಕು ಅಂತ ಬರೆಯುತ್ತಾರೆ. ಉಳಿದ ವೇಸ್ಟ್ ಆಯಿಲ್ ಮಣ್ಣಿಗೆ ಸುರಿಯಬೇಡಿ, ಊರಿಗೂ ಒಯ್ಯಬೇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ಅದು ಅನುಮತಿ ಇರುವ ರಿಸೈಕ್ಲರ್‌ಗೇ ಹೋಗಬೇಕು. ಸ್ಯಾಂಪಲ್ ತೆಗೆಯುವಾಗ ವೇಸ್ಟ್ ಡಬ್ಬಕ್ಕೆ ಬಿಟ್ಟ ಆಯಿಲನ್ನೂ ವೇಸ್ಟ್ ಆಯಿಲ್ ಡ್ರಮ್ಮಿಗೇ ಸುರಿದು ಮುಚ್ಚಿ.